ಒರಸಿಕೊಂಡ ಭಂಡಾರ

ಕುರಿಗಳ ಹಿರೇಬೇನೆಯ ಲಸಿಕೆ, ಬಾಟಲಿಯ ತಳದಲ್ಲಿ ಒಂದು ಚಿಟಿಕೆ ಸುಣ್ಣದ ಪುಡಿಯಷ್ಟು ಇರುತ್ತದೆ. ಅದಕ್ಕೆ ಜತೆಯಲ್ಲಿ ಕೊಟ್ಟ ತಣ್ಣನೆಯ ದ್ರಾವಣ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಬಿಸಿಲು ಬಿದ್ದರೆ ಕೆಡುತ್ತದೆ, ಸ್ಪಿರಿಟ್ ತಾಕಿದರೆ ಕೆಡುತ್ತದೆ, ಸುಮ್ಮನೆ ಹೊತ್ತು ಕಳೆದರೂ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ. ಹೀಗಾಗಿ ಲಸಿಕೆ ಹಾಕುವವನ ಒಂದು ಕಣ್ಣು ಕುರಿಯ ಮೇಲಿದ್ದರೆ ಇನ್ನೊಂದು ಗಡಿಯಾರದ ಮೇಲೆ. ಆ ಚಳಿಗಾಲದಲ್ಲಿ ನಾನು ಗಡಿಯಾರವನ್ನೇ ನೆಪ ಮಾಡಿಕೊಂಡು ಒಂದು ತಪ್ಪು ಮಾಡಿದೆ.

ತೆಲಂಗಾಣ ಬೇರೆ ರಾಜ್ಯವಾಗಿ ಆರೇಳು ತಿಂಗಳಾಗಿತ್ತು. ನಾನು ಮಕ್ತಲ್ ಸೀಮೆಯ ಒಂದು ಪಶು ಆಸ್ಪತ್ರೆಯಲ್ಲಿ ಡಾಕ್ಟರರ ಸಹಾಯಕ. ಬೋರ್ಡಿನ ಮೇಲೆ ಹೊಸ ರಾಜ್ಯದ ಹೆಸರು ಬಂದಿತ್ತು, ರಬ್ಬರ್ ಸ್ಟಾಂಪು ಮಾತ್ರ ಹಳೆಯದೇ. ಅದರ ಅಚ್ಚಿನ ಮೇಲೆ ಪೆನ್ನಿನಿಂದ ಗೀಟು ಎಳೆದು ಹೊಸ ಹೆಸರು ಬರೆಯುವುದು ನನ್ನ ಪಾಲಿನ ಕೆಲಸ. ದಾಮರಗಿದ್ದದ ಕಡೆ ಒಂದು ಹಿಂಡಿಗೆ ಹಿರೇಬೇನೆ ತಾಕಿದೆ, ಸುತ್ತಲಿನ ಹಿಂಡುಗಳಿಗೆಲ್ಲ ಕೂಡಲೇ ಲಸಿಕೆಯಾಗಬೇಕು ಎಂದು ಆದೇಶ ಬಂತು. ಹಿರೇಬೇನೆ ಎಂದರೆ ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ವಾರದೊಳಗೆ ಅರ್ಧ ಹಿಂಡು ಮಲಗುವ ರೋಗ. ಬಂದ ಮೇಲೆ ಮದ್ದಿಲ್ಲ, ಬರುವ ಮುಂಚೆ ಸೂಜಿ ಹಾಕಿದರೆ ಉಳಿವುಂಟು.

ನನ್ನ ಪಾಲಿಗೆ ಬಂದ ಹಟ್ಟಿಯಲ್ಲಿ ಕುರಿಗಾರರ ದೇವರು ಬೀರಪ್ಪನ ಗುಡಿಯಿತ್ತು. ನಾನೂ ಅಟೆಂಡರನೂ ಬೆಳಕು ಹರಿಯುವಷ್ಟರಲ್ಲಿ ಮೋಟರ್ ಸೈಕಲ್ ಮೇಲೆ ಅಲ್ಲಿ ಮುಟ್ಟಿದೆವು. ಥರ್ಮೊಕೋಲ್ ಪೆಟ್ಟಿಗೆ ಅವನ ತೊಡೆಯ ಮೇಲೆ. ಅದರೊಳಗೆ ಕೂಲ್‌ಡ್ರಿಂಕ್ ಅಂಗಡಿಯವನ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಎರಡು ನೀರಿನ ಬಾಟಲಿ. ಅಟೆಂಡರ್ ಕುರಿಗಾರರ ಮನೆತನದವನೇ, ನಿವೃತ್ತಿಗೆ ಎರಡು ವರ್ಷ ಉಳಿದವನು. ದೊಡ್ಡಿಯ ಮುಳ್ಳುಬೇಲಿಗೆ ಒಂದೇ ಬಾಯಿ ಬಿಟ್ಟು, ಒಂದೊಂದಾಗಿ ಬರುವ ಕುರಿಯನ್ನು ಅವನು ಮೊಣಕಾಲಿನ ನಡುವೆ ಹಿಡಿಯುತ್ತಿದ್ದ. ನಾನು ಕತ್ತಿನ ಪಕ್ಕದ ಚರ್ಮ ಎತ್ತಿ ಒಂದು ಎಂ.ಎಲ್. ಬಿಡುತ್ತಿದ್ದೆ. ಸೂಜಿಯಾದ ಗುರುತಿಗೆ ಹಟ್ಟಿಯ ಹಿರಿಯನು ಅದರ ತಲೆಗೆ ನೀಲಿ ಬಣ್ಣದ ಬೊಟ್ಟು ಇಟ್ಟು ಕಳಿಸುತ್ತಿದ್ದ.

"ನಾವು ಕುರಿ ಎಣಿಸಾಕ ಹೋದ್ರ, ಕುರಿನೇ ನಮ್ಮನ್ನ ಎಣಿಸ್ತಾವ ನೋಡ್ರಿ ಸಾರ್," ಎಂದ ಅಟೆಂಡರ್. ಅಷ್ಟು ದೊಡ್ಡ ಹಿಂಡು.

ಕೊನೆಗೆ ಬೆರೆಸಿದ ಬಾಟಲಿಗೆ ಒಂದೂವರೆ ತಾಸಾಗಿತ್ತು. ದೊಡ್ಡಿ ಖಾಲಿಯಾಯಿತು. ಸೊಂಟ ಹಿಡಿದಿತ್ತು, ಬಿಸಿಲು ಏರಿತ್ತು. ಆಗ ಅಟೆಂಡರ್ ನನ್ನ ಕಿವಿಯ ಹತ್ತಿರ ಬಂದು, "ಗುಡ್ಡದ ಹಿಂದ ಇನ್ನ ಒಂದಿಷ್ಟು ಅದಾವ್ರಿ," ಎಂದ.

"ಯಾರವು?"

"ದೇವ್ರವು."

ದೇವರ ಕುರಿ ಎಂದರೇನು ಎಂದು ನನಗೆ ತಿಳಿಯದ್ದೇನಲ್ಲ. ಹೆರಿಗೆ ಸುಸೂತ್ರವಾಯಿತು, ದುಡಿಯಲು ದೂರ ಹೋದವನು ಸುಖವಾಗಿ ಬಂದ, ಬೋರಿಗೆ ನೀರು ಬಿತ್ತು, ಹೀಗೆ ಮನೆಯಲ್ಲಿ ಏನೇ ಒಳ್ಳೆಯದಾದರೂ ಆ ಜನ ಒಂದು ಹೆಣ್ಣು ಮರಿಯನ್ನು ಬೀರಪ್ಪನಿಗೆ ಬಿಡುತ್ತಾರೆ. ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ಅದರ ಉಣ್ಣೆ ಕತ್ತರಿಸುವುದಿಲ್ಲ. ಮುಖ್ಯವಾಗಿ, ಅದರ ಮೈಗೆ ಕಬ್ಬಿಣ ತಾಕಿಸುವುದಿಲ್ಲ. ಉಣ್ಣೆ ನೆಲಕ್ಕೆ ಜೋಲುತ್ತ, ಹಣೆಗೆ ಅರಿಷಿಣ ಮೆತ್ತಿಕೊಂಡು ಅವು ಹಿಂಡಿನಿಂದ ತುಸು ಬೇರೆಯಾಗಿ ಓಡಾಡುತ್ತವೆ. ಹಟ್ಟಿಯ ಜನ ದೇವರಿಗೆ ಸಲ್ಲಿಸಿದ ಕೃತಜ್ಞತೆಯೆಲ್ಲ ಅಲ್ಲಿ ನಾಲ್ಕು ಕಾಲಿನ ಮೇಲೆ ಮೇಯುತ್ತಿತ್ತು.

ಅವುಗಳಿಗೂ ಸೂಜಿ ಹಾಕಬೇಕಾದರೆ ಹಿರಿಯನೊಡನೆ ಮಾತಾಡಬೇಕು, ಒಪ್ಪಿಸಬೇಕು, ಇನ್ನೊಂದು ಬಾಟಲಿ ಬೆರೆಸಬೇಕು. ನಾನು ಗಡಿಯಾರ ನೋಡಿ, "ಇರಲಿ ಬಿಡು," ಎಂದೆ. ರಿಜಿಸ್ಟರಿನಲ್ಲಿ ಹಿಂಡಿನ ಮುಂದೆ "ಸಂಪೂರ್ಣ" ಎಂದು ಬರೆದೆ.

ಹೊರಡುವ ಮುಂಚೆ ಹಿರಿಯ ನಮ್ಮಿಬ್ಬರನ್ನೂ ಗುಡಿಯ ಕಟ್ಟೆಯ ಮೇಲೆ ಕೂರಿಸಿ ಹಾಲು ಕೊಟ್ಟ. ಬೀರಪ್ಪನ ಭಂಡಾರ, ಎಂದರೆ ಗುಡಿಯಲ್ಲಿಟ್ಟ ಅರಿಷಿಣದ ಪುಡಿಯನ್ನು ಮುಷ್ಟಿ ತುಂಬ ತಂದು ನನ್ನ ಹಣೆಯ ತುಂಬ ಬಳಿದ. "ನಮ್ಮ ಜೀವ ಉಳಿಸಿದ್ರಿ ಸಾರ," ಎಂದ. ನನ್ನ ಹಣೆಯಲ್ಲಿ ಬೆಳಿಗ್ಗೆ ಸಂಧ್ಯಾವಂದನೆಯ ಹೊತ್ತಿಗೆ ಇಟ್ಟ ಗೋಪಿಚಂದನ, ಅಂಗಾರ ಅಕ್ಷತೆ ಇದ್ದವು. ಅವೆಲ್ಲ ಹಳದಿಯ ಕೆಳಗೆ ಮುಚ್ಚಿಹೋದವು. ನಮ್ಮದು ಗದ್ವಾಲದ ವೈಷ್ಣವ ಮನೆ. ಮನೆಯಲ್ಲಿ ಮಂತ್ರಾಲಯದ ಮೃತ್ತಿಕೆಯಿಲ್ಲದೆ ಅಮ್ಮ ನೀರು ಕುಡಿಯುವವಳಲ್ಲ. ಇದನ್ನು ಹಚ್ಚಿಕೊಂಡು ಮನೆಗೆ ಹೋಗುವುದು ಹೇಗೆ? ಮೂತ್ರಕ್ಕೆ ಹೋಗುವವನಂತೆ ಬೇವಿನ ಗಿಡದ ಹಿಂದೆ ಹೋಗಿ, ಕರವಸ್ತ್ರದಿಂದ ಹಣೆ ಒರಸಿಕೊಂಡೆ. ತಿರುಗಿದಾಗ ಕೊಡ ಹೊತ್ತ ಒಬ್ಬ ಮುದುಕಿ ನನ್ನನ್ನೇ ನೋಡುತ್ತ ನಿಂತಿದ್ದಳು. ಕೊಡ ಸರಿಮಾಡಿಕೊಂಡು ಹೋದಳು.

ಹದಿನೆಂಟು ದಿನಗಳ ಮೇಲೆ ಹಿರಿಯನ ಫೋನು ಬಂತು. ಹೋಗಿ ನೋಡಿದೆವು. ದೊಡ್ಡ ಹಿಂಡಿಗೆ ಏನೂ ಆಗಿರಲಿಲ್ಲ, ನೀಲಿ ಬೊಟ್ಟಿನವೆಲ್ಲ ಗಟ್ಟಿಯಾಗಿದ್ದವು. ಗುಡ್ಡದ ಹಿಂದೆ ದೇವರ ಕುರಿಗಳಲ್ಲಿ ಮೂರು ಮಾತ್ರ ತಲೆ ಇಳಿಬಿಟ್ಟು ನಿಂತಿದ್ದವು. ಮೂಗಿನಲ್ಲಿ ಗಟ್ಟಿ ಸಿಂಬಳ, ಕೆಮ್ಮು. ತುಟಿ ಎತ್ತಿ ನೋಡಿದರೆ ಒಸಡಿನ ಮೇಲೆ ಹೊಟ್ಟಿನಂಥ ಬಿಳಿ ಪದರ. ಹಿರೇಬೇನೆಯೇ. ಒಂದು ಕುರಿಯ ಪಕ್ಕದಲ್ಲಿ ಆ ಮುದುಕಿ ಕೂತಿದ್ದಳು. ಅವಳ ಮಗಳ ಹೆರಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಕಷ್ಟವಾಗಿ, ತಾಯಿ ಮಗು ಇಬ್ಬರೂ ಉಳಿದು ಬಂದಾಗ ಬಿಟ್ಟದ್ದಂತೆ ಆ ಕುರಿ.

ಉಳಿದ ದೇವರ ಕುರಿಗಳು ಇನ್ನೂ ಚೆನ್ನಾಗಿದ್ದವು. ಆದರೆ ಇವತ್ತೋ ನಾಳೆಯೋ ಎಂಬಂತಿತ್ತು. ದೊಡ್ಡ ಹಿಂಡಿನಲ್ಲಿ ಮೂರು ತಿಂಗಳು ತುಂಬದ ಮರಿಗಳಿಗೆ ಸೂಜಿ ಹಾಕುವಂತಿರಲಿಲ್ಲ, ಹಾಕಿರಲಿಲ್ಲ. ದೇವರ ಕುರಿಗಳಲ್ಲಿ ರೋಗ ಹಬ್ಬಿದರೆ ಆ ಮರಿಗಳೂ ಹೋಗುತ್ತಿದ್ದವು.

ಡಾಕ್ಟರರಿಗೆ ಫೋನು ಮಾಡಿದೆ. ಅವರು ತೆಲುಗಿನವರು. "ಅನ್ನೀ ವೇಸಾವಾ?" ಎಂದರು. ಎಲ್ಲಕ್ಕೂ ಹಾಕಿದೆಯಾ ಎಂದು.

"ಹಾಕೀನಿ ಸಾರ್," ಎಂದೆ. ಬಾಯಿಂದ ಸಲೀಸಾಗಿ ಬಂತು.

ಹಾಗಿದ್ದರೆ ಲಸಿಕೆಯಲ್ಲೇ ದೋಷವಿರಬೇಕು, ಆ ಬ್ಯಾಚನ್ನು ಪರೀಕ್ಷೆಗೆ ಕಳಿಸುತ್ತೇನೆ, ವರದಿ ಬರುವ ತನಕ ಮಂಡಲದಲ್ಲಿ ಎಲ್ಲೂ ಸೂಜಿ ಹಾಕಬೇಡಿ ಎಂದರು. ನಾನು ಸರಿ ಎಂದು ಫೋನು ಇಟ್ಟೆ. ಇನ್ನೂ ಎಷ್ಟೋ ಹಟ್ಟಿಗಳು ಬಾಕಿಯಿದ್ದವು.

ಹಿರಿಯ ಬಂದು, ಹಟ್ಟಿಯಲ್ಲಿ ಜನ ಬೇರೆಯೇ ಮಾತಾಡುತ್ತಿದ್ದಾರೆ ಎಂದ. "ಸೂಜಿ ಹಾಕ್ಸಿದ್ದಕ್ಕ ಬೀರಪ್ಪಗ ಸಿಟ್ಟು ಬಂದೈತಿ, ಅದಕ್ಕ ತನ್ನ ಕುರಿನೇ ಮೊದ್ಲು ಕರಕೊಳ್ಳಾಕ ಹತ್ಯಾನ ಅಂತಾರ್ರಿ."

"ಉಳಿದವಕ್ಕಾದ್ರೂ ಸೂಜಿ ಹಾಕಬೇಕು," ಎಂದೆ.

"ಕಬ್ಬಿಣ ತಾಕಸಂಗಿಲ್ರಿ ಸಾರ. ಅವು ನಮ್ಮವಲ್ಲ."

ಅವನು ಹೋದ ಮೇಲೆ ಅಟೆಂಡರ್ ಬೀಡಿ ಹಚ್ಚಿದ. ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದವನು, ಒಂದು ದಿನವೂ ನನಗೆ ಎದುರು ಮಾತಾಡಿದವನಲ್ಲ. "ಒಂದು ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ," ಎಂದ. "ಔಷಧಕ್ಕ ಯಾಕ ಹೆಸರು ಇಟ್ರಿ? ಔಷಧ ಬೇಷೈತಿ. ಬಿಟ್ಟೋರು ನಾವು. ಇನ್ನೊಂದು ಮಾತು. ಅವತ್ತು ಬೇವಿನ ಗಿಡದ ಹಿಂದ ಹೋಗಿ ಭಂಡಾರ ಒರಸಿಕೊಂಡ್ರಲ್ಲ, ಮುದುಕಿ ನೋಡ್ಯಾಳ. ಇಡೀ ಹಟ್ಟಿಗೆ ಗೊತ್ತೈತ್ರಿ. ಅವರು ಕೈಮುಗಿದು ಕೊಟ್ಟಿದ್ದು ನಿಮ್ಮ ಹಣಿಮ್ಯಾಲೆ ಗಳಿಗಿ ಹೊತ್ತು ನಿಲ್ಲಲಿಲ್ಲ. ಇನ್ನ ಅವರ ದೇವ್ರ ಮೈಮ್ಯಾಲೆ ನಿಮ್ಮ ಸೂಜಿ ಹ್ಯಾಂಗ ನಿಲ್ತೈತಿ?"

ನನಗೆ ಸಿಟ್ಟೇ ಬಂತು. ಗಾಡಿಯ ಹತ್ತಿರ ಹೋಗಿ ನಿಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ನಾನಾದರೋ ಹೊಳೆಯ ನಡುವೆಯೇ ಅಂಬಿಗನನ್ನು ಮರೆತಿದ್ದೆ. ಹನ್ನೊಂದು ವರ್ಷ ನನಗಾಗಿ ಕುರಿ ಹಿಡಿದ ಈ ಮನುಷ್ಯನಿಗೂ ಒಂದು ಒಳ್ಳೆಯ ಮಾತು ಆಡಿದ ನೆನಪಾಗಲಿಲ್ಲ. ನಾಚಿಕೆಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರರಿಗೆ ಮತ್ತೆ ಫೋನು ಮಾಡಿ, ದೇವರ ಕುರಿಗಳನ್ನು ನಾನೇ ಬಿಟ್ಟಿದ್ದೆ, ಲಸಿಕೆಯಲ್ಲಿ ದೋಷವಿಲ್ಲ ಎಂದೆ. ಅವರು, ಬಾಕಿ ಹಟ್ಟಿಗಳ ಕೆಲಸ ನಡೆಯಲಿ, ದೇವರ ಕುರಿಗಳಿಗೆ ನಾಳೆಯೇ ಹಾಕು, ಕಾರಣ ಕೇಳಿ ಮೆಮೊ ಹಿಂದಿನಿಂದ ಬರುತ್ತದೆ ಎಂದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ರಿಜಿಸ್ಟರ್ ತೆಗೆದು "ಸಂಪೂರ್ಣ" ಎಂಬುದಕ್ಕೆ ಗೀಟು ಎಳೆದೆ.

ಮರುದಿನ ಬೆಳಿಗ್ಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಡನೆ ಗುಡಿಯ ಮುಂದೆ ಕೂತೆ. ಸೇರಿದ ಜನಕ್ಕೆ ಇದ್ದದ್ದು ಹೇಳಿದೆ. ನಿಮ್ಮ ದೇವರದು ಸಿಟ್ಟಲ್ಲ, ನನ್ನ ಸೋಮಾರಿತನ. ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ಹಿರಿಯ, "ಹಂಗಾದ್ರ ಅವನನ್ನೇ ಕೇಳೂಣು," ಎಂದು ಒಳಗೆ ಹೋಗಿ ಬೀರಪ್ಪನ ಕಲ್ಲಿನ ನೆತ್ತಿಯ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ಅಪ್ಪಣೆ.

ಹೂವು ಬೀಳಲಿಲ್ಲ. ನಾನು ಬಾಟಲಿ ಬೆರೆಸುವಂತಿರಲಿಲ್ಲ. ಬೆರೆಸಿದರೆ ಹೊತ್ತು ಓಡತೊಡಗುತ್ತದೆ. ಪೆಟ್ಟಿಗೆಯ ಮುಚ್ಚಳ ಎತ್ತಿ ಮಂಜುಗಡ್ಡೆ ಎಷ್ಟು ಉಳಿದಿದೆ ಎಂದು ನೋಡುವುದು, ಹೂವನ್ನು ನೋಡುವುದು, ಇದೇ ಕೆಲಸ. ಹೀಗೇ ಒಂದು ತಾಸು ಕಳೆಯಿತು. ದೇವರ ಕುರಿಗಳು ಅಂಗಳದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ಆಗ ಮುದುಕಿ ಎದ್ದು ಬಂದಳು. "ಇಂವ ಅವತ್ತು ಒರಸಿಕೊಂಡಾನ. ಮೊದ್ಲು ಅದರ ಇತ್ಯರ್ಥ ಆಗ್ಲಿ," ಎಂದಳು.

ನಾನು ಎದ್ದು ನಿಂತೆ. "ಅವ್ವಾ, ಹಚ್ಚು," ಎಂದೆ.

ಅವಳು ಭಂಡಾರದ ಬಟ್ಟಲು ಹಿಡಿದು ನನ್ನ ಮುಖ ನೋಡಿದಳು. "ಒರಸಿಕೊಳ್ಳಾಕ ಕೇಳ್ತೀಯೋ, ಇಟ್ಟುಕೊಳ್ಳಾಕ ಕೇಳ್ತೀಯೋ?"

"ಇಟ್ಟುಕೊಳ್ಳಲಿಕ್ಕೆ."

ಹಚ್ಚಿದಳು. ಹಣೆಗಷ್ಟೇ ಅಲ್ಲ, ಕೈಗೂ, ಪೆಟ್ಟಿಗೆಗೂ. ಜನ ಬೀರಪ್ಪನ ಹೆಸರು ಹೇಳಿ ಕೈಮುಗಿಯುವಷ್ಟರಲ್ಲಿ ಬಲಗಡೆಯ ಹೂವು ಬಿತ್ತು. ಒದ್ದೆ ಆರಿ ತಾನಾಗಿ ಬಿತ್ತೋ, ಏನೋ, ನಾನು ವಿಚಾರಿಸಲು ಹೋಗಲಿಲ್ಲ. ಬಾಟಲಿ ಬೆರೆಸಿದೆ.

ಇನ್ನೊಂದು ತೊಡಕು ಉಳಿದಿತ್ತು. ಸೂಜಿಯ ಮೊನೆಯನ್ನೂ ಭಂಡಾರದಲ್ಲಿ ಅದ್ದಬೇಕು, ಆಗಲೇ ಆ ಕಬ್ಬಿಣ ದೇವರದಾಗುತ್ತದೆ ಎಂದ ಹಿರಿಯ. ಪುಡಿ ಮೆತ್ತಿದ ಸೂಜಿ ಚರ್ಮದೊಳಗೆ ಹೋದರೆ ಕೀವಾಗುತ್ತದೆ, ಲಸಿಕೆಯಲ್ಲಿ ಬೆರೆತರೆ ಅದೂ ಕೆಡುತ್ತದೆ. ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಅಟೆಂಡರ್ ನಡುವೆ ಬಂದ. "ಕಾಕಾ, ಜಾತ್ರಿ ಪವಾಡದಾಗ ಮೈಲಾರದ ಭಕ್ತರು ಕಾಲಿನ ಮೀನಖಂಡಕ್ಕ ಕಬ್ಬಿಣದ ಸರಳು ಹಾಯಿಸಿಕೊಳ್ತಾರಲ್ಲ, ಆಗ ಭಂಡಾರ ಎಲ್ಲಿಗೆ ಹಚ್ತಾರ? ಹಾಯಿಸಿಕೊಳ್ಳೋರ ಹಣಿಗಿ, ಸರಳು ಹಿಡಿಯೋರ ಕೈಗೆ. ಇವರ ಕೈಗೆ ಆಗ್ಲೇ ಹಚ್ಚ್ಯಾಳಲ್ಲ." ಹಿರಿಯ ಯೋಚಿಸಿ ತಲೆಯಾಡಿಸಿದ. ನಾನು ಭಂಡಾರದ ಬೆರಳು ಸೂಜಿಗೆ ತಾಕದಂತೆ ಸಿರಿಂಜಿನ ಹಿಂಬದಿ ಹಿಡಿದು ಕೆಲಸ ಶುರು ಮಾಡಿದೆ.

ನೀಲಿ ಬಣ್ಣ ದೇವರ ಕುರಿಗೆ ಬೇಡವೆಂದರು. ಅದಕ್ಕೆ ಬದಲು ಸೂಜಿಯಾದ ಪ್ರತಿಯೊಂದರ ಹಣೆಗೆ ಮುದುಕಿ ಹೊಸ ಭಂಡಾರ ಇಡುತ್ತ ಬಂದಳು. ಗುರುತಿಗೆ ಗುರುತು, ಪೂಜೆಗೆ ಪೂಜೆ. ಎರಡು ತಾಸಿನೊಳಗೆ ಮುಗಿಯಿತು. ಕೊನೆಗೆ ಅವಳು ದೂರ ಕಟ್ಟಿದ್ದ ತನ್ನ ಕುರಿಯತ್ತ ಕೈ ತೋರಿಸಿ, "ಅದಕ್ಕ?" ಎಂದಳು.

"ಬ್ಯಾನಿ ಬಂದ ಮ್ಯಾಲೆ ಇದು ನಾಟಂಗಿಲ್ಲ ಅವ್ವಾ."

"ಅವತ್ತು ಹಾಕಿದ್ರ ನಾಟ್ತಿತ್ತು?"

ಸುಳ್ಳು ಹೇಳಬಹುದಿತ್ತು. "ನಾಟ್ತಿತ್ತು," ಎಂದೆ. ಅವಳು ತಲೆಯಾಡಿಸಿ ಕುರಿಯ ಹತ್ತಿರ ಹೋಗಿ ಕೂತಳು. ಅದರ ಬಾಯಿ ತೊಳೆದು ಗ್ಲಿಸರಿನ್ ಹಚ್ಚಿದೆ, ಶ್ವಾಸಕೋಶದ ಸೋಂಕಿಗೆ ಇಂಜೆಕ್ಷನ್ ಕೊಟ್ಟೆ, ಗಂಜಿ ಕುಡಿಸುವುದು ಹೇಗೆಂದು ತೋರಿಸಿದೆ. ನಾಲ್ಕನೆಯ ದಿನ ಅದು ಸತ್ತಿತು. ಉಳಿದೆರಡರಲ್ಲಿ ಒಂದು ಸತ್ತು ಒಂದು ಎದ್ದಿತು. ರೋಗ ಅಲ್ಲಿಗೆ ನಿಂತಿತು, ಮರಿಗಳು ಉಳಿದವು.

ಸೂಜಿ ಹಾಕಿದ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ಕೈ ಜೇಬಿನ ಕರವಸ್ತ್ರದ ಕಡೆ ಹೋಗುತ್ತಿತ್ತು. ಎಂದಿನಂತೆ ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಅಮ್ಮ ಬಿಸಿನೀರು ತಂದವಳು ನನ್ನ ಹಣೆ ನೋಡಿದಳು.

"ಈ ಸಲ ಒರಸಿಕೊಂಡಿಲ್ಲ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಹೋದ ತಿಂಗಳು ನಿನ್ನ ಕರವಸ್ತ್ರ ಒಗದೆ. ಮೂರು ಸಲ ಸಬಕಾರ ಹಚ್ಚಿದ್ರೂ ಅರಿಷಿಣ ಹೋಗಲಿಲ್ಲ. ಯಾರೋ ಹಚ್ಚ್ಯಾರ, ಇಂವ ಒರಸಿಕೊಂಡು ಬಂದಾನ ಅಂತ ತಿಳೀತು."

"ನಿನಗ ಸೇರಂಗಿಲ್ಲ ಅಂತ ಒರಸಿದೆ."

"ನನ್ನ ಮ್ಯಾಲೆ ಹಾಕಬ್ಯಾಡ," ಎಂದಳು ಅಮ್ಮ. "ನಾ ದಿನಾ ಮಡಿಗೆ ಉಡೋ ಧಾಬಳಿ ಯಾವ ಗಿಡದಾಗ ಬೆಳೀತದ ಅಂತ ತಿಳದೀ? ಕುರೀ ಮೈಮ್ಯಾಲಿಂದು ಅದು. ನಲವತ್ತು ವರ್ಷ ಅದನ್ನ ಉಟ್ಟು ದೇವರ ಮುಂದೆ ಕೂತೀನಿ. ಕುರಿಗೂ, ಕಾಯ್ದವರಿಗೂ ಒಂದು ದಿನ ಕೈ ಮುಗಿದಿಲ್ಲ." ಬಿಸಿನೀರಿನ ತಂಬಿಗೆ ಕೆಳಗಿಟ್ಟು, "ಸ್ನಾನ ಆಮ್ಯಾಲೆ ಮಾಡು. ಹಂಗೇ ಬಂದು ಊಟಕ್ಕ ಕೂಡು," ಎಂದು ಒಳಗೆ ಹೋದಳು. ಮಡಿಯ ವಿಷಯದಲ್ಲಿ ಅವಳು ನನಗೆ ಹೀಗೆ ಹೇಳಿದ್ದು ಅದೊಂದೇ ಸಲ.

ಮುಂದಿನ ವಾರ ಮೆಮೊ ಬಂತು, ಉತ್ತರ ಬರೆದೆ. ಅದೇ ವಾರ ಅಮ್ಮ ಕಡಲೆಬೇಳೆಯ ಹಯಗ್ರೀವ ಮಾಡಿ ಒಂದು ಡಬ್ಬಿಯನ್ನು ಅಟೆಂಡರನಿಗೂ, ಒಂದನ್ನು ಮುದುಕಿಗೂ ಕಳಿಸಿದಳು. ಅಟೆಂಡರನ ಕೈಗೆ ಡಬ್ಬಿ ಕೊಡುತ್ತ ನಾನು ಏನೋ ಹೇಳಲು ಹೋಗಿ ತಡವರಿಸಿದೆ. "ಇರ್ಲಿ ಬಿಡ್ರಿ ಸಾರ್, ಬ್ಯಾಳಿ ಬೇಷ್ ಬೆಂದೈತಿ," ಎಂದ ಅವನು ಬಾಯಿಗೆ ಹಾಕಿಕೊಂಡು.

ಮುದುಕಿ ಮೊದಲು ಒಂದು ಚಿಟಿಕೆ ಬೀರಪ್ಪನ ಮುಂದಿಟ್ಟು ಬಂದು ತಿಂದಳು. ಡಬ್ಬಿ ತೊಳೆದು ಒಳಗೆ ಒಯ್ದಳು. ಬರಿದಾಗಿ ಹಿಂದಕ್ಕೆ ಕೊಡಬಾರದಲ್ಲ. ಹೊರಗೆ ತಂದಾಗ ಅದರ ತುಂಬ ಕರಿ ಉಣ್ಣೆ ಒತ್ತಿ ತುಂಬಿತ್ತು.

"ಮುಳ್ಳುಬೇಲಿಗೆ ಸಿಕ್ಕಿದ್ದು. ಒಂದೊಂದೇ ಎಳಿ ಕೈಲೆ ಬಿಡಿಸಿಟ್ಟೀನಿ," ಎಂದಳು. "ಇದಕ್ಕ ಕಬ್ಬಿಣ ತಾಕಿಲ್ಲ ಅಂತ ನಿಮ್ಮವ್ವಗ ಹೇಳು."

"ಯಾವ ಕುರೀದು ಅವ್ವಾ?"

"ನಂದು," ಎಂದಳು.

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಕುರಿ ಸತ್ತದ್ದು ನನ್ನಿಂದ ಎಂದು ಅವಳಿಗೆ ನಾನೇ ಹೇಳಿದ್ದೆ. ಅಳು ಬಂತು, ಅವಳ ಮುಂದೆಯೇ ಅತ್ತೆ. ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಅಮ್ಮ ಆ ಉಣ್ಣೆಯನ್ನು ಎರಡು ದಿನ ಬಿಸಿಲಿಗೆ ಹಾಕಿ ಹಿಂಜಿದಳು. ಹಳೆಯ ಧಾಬಳಿಯ ಒಂದು ತುಂಡು ಮಡಚಿ, ಅದರಲ್ಲಿ ತುಂಬಿ, ದೇವರ ಮುಂದೆ ಕೂರಲು ಆಸನ ಹೊಲಿಯಬೇಕೆಂದಿದ್ದಳು. ಸೂಜಿಗೆ ದಾರ ಪೋಣಿಸಿ ಬಟ್ಟೆಯ ಹತ್ತಿರ ಒಯ್ದವಳು ಹಾಗೆಯೇ ನಿಂತಳು.

"ಇದಕ್ಕ ಸೂಜಿ ತಾಕಿದ್ರ ನಡೀತದೇನೋ?" ಎಂದಳು. "ಆಕಿನ್ನ ಕೇಳಿಕೊಂಡು ಬಾ."

ದಾರ ಪೋಣಿಸಿದ ಸೂಜಿಯನ್ನು ಅವಳು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮರುದಿನ ಬೆಳಿಗ್ಗೆ ನಾನು ಕೇಳಲು ಹೊರಟೆ.